25 ಗೊತ್ತಿತ್ತು, 26 ಗೊತ್ತಿರ್ಲಿಲ್ಲ

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಮತ್ತೆ ಜಗಳ. ಹೊಸತೇನಲ್ಲ, ತಿಂಗಳಿಗೊಂದ್ಸಲ ಆಗುವಂತದ್ದೇ. ದೊಡ್ಡಮಾವ ಒಂದು ಫಾರ್ವರ್ಡ್ ಹಾಕ್ತಾರೆ, ಬೆಂಗಳೂರಲ್ಲಿರುವ ಅವರ ತಂಗಿ ಮಗಳು ಅದರ ಕೆಳಗೆ ಒಂದು ಲಿಂಕ್ ಅಂಟಿಸ್ತಾಳೆ, ಮತ್ತೆ ರಾತ್ರಿ ಹನ್ನೊಂದರ ತನಕ ಟಿಂಗ್ ಟಿಂಗ್ ಟಿಂಗ್. ಈ ಸಲದ್ದು ಕೇರಳದ ಕಣ್ಣೂರು. ಸಿಪಿಎಂನವರು ಸಂಘದವರನ್ನು, ಅಂದ್ರೆ ಆರೆಸ್ಸೆಸ್‌ನವರನ್ನು, ಎಷ್ಟು ಕೊಂದ್ರು, ಸಂಘದವರು ಸಿಪಿಎಂನವರನ್ನು ಎಷ್ಟು ಕೊಂದ್ರು, ಯಾರು ಮೊದಲು, ಯಾರು ಜಾಸ್ತಿ. ನಾನು ಒಂದಕ್ಷರ ಹಾಕ್ಲಿಲ್ಲ. ಹಾಕ್ಲಿಕ್ಕೆ ಇರ್ಲಿಲ್ಲ ಅಂತಲ್ಲ, ಹಾಕಿದ್ರೆ ಎರಡೂ ಕಡೆಯಿಂದ ಬೀಳ್ತದೆ. ಹಾಗಾಗಿ ಇಲ್ಲಿ ಬರೀತಿದ್ದೇನೆ, ಇಲ್ಲಿಗೆ ದೊಡ್ಡಮಾವ ಬರುದಿಲ್ಲ.

ನಾನು ಬದಿಯಡ್ಕ ಕಡೆಯವ. ಕಾಸರಗೋಡಿನ ಕನ್ನಡದವರಿಗೆ ಕಣ್ಣೂರು ಅಂದ್ರೆ ಪಕ್ಕದ ಜಿಲ್ಲೆ, ಆದ್ರೂ ಎಲ್ಲೋ ದೂರದ ದೇಶದ ಹಾಗೆ. ಪೇಪರಲ್ಲಿ ಓದುದು, ಅಯ್ಯೋ ಅನ್ನುದು, ಪುಟ ತಿರುಗಿಸುದು. ಮನೆಯಲ್ಲಿ ಸಂಘದ ವಾತಾವರಣವೇ ಇದ್ದದ್ದು. 2017ರ ಫೆಬ್ರವರಿಯಲ್ಲಿ ಆಗಿನ ಕೇರಳ ಮುಖ್ಯಮಂತ್ರಿ, ಸಿಪಿಎಂನ ಪಿಣರಾಯಿ ವಿಜಯನ್ ಸೌಹಾರ್ದ ರ‍್ಯಾಲಿಗೆ ಅಂತ ಮಂಗಳೂರಿಗೆ ಬಂದಾಗ ಅಲ್ಲಿನ ಜಿಲ್ಲೆಯಲ್ಲಿ ಹರತಾಳ ಕರೆದಿದ್ರಲ್ಲ, ಆಗ ನಮ್ಮ ಗ್ರೂಪಲ್ಲಿ ಹರತಾಳದ ಪರ ಹೆಬ್ಬೆರಳು ಒತ್ತಿದವರಲ್ಲಿ ನಾನೂ ಒಬ್ಬ. ಆದ್ರೆ ಆಗ ನಾನು ಮನೆಯಲ್ಲಿರ್ಲಿಲ್ಲ. ತಲಶ್ಶೇರಿಯಲ್ಲಿ ಮೆಡಿಕಲ್ ರೆಪ್ ಆಗಿ ಸೇರಿ ಏಳೆಂಟು ತಿಂಗಳಾಗಿತ್ತು. ತಲಶ್ಶೇರಿ, ಪಾನೂರು, ಕೂತ್ತುಪರಂಬ, ಮಟ್ಟನ್ನೂರು, ಇದು ನನ್ನ ಏರಿಯಾ. ಕಣ್ಣೂರಿನ ಗಲಾಟೆಯ ಮ್ಯಾಪ್ ಮಾಡಿದ್ರೆ ಅದೂ ಹೆಚ್ಚುಕಮ್ಮಿ ಇದೇ ಏರಿಯಾ.

ಅಲ್ಲಿ ಮೊದಲ ವಾರ ಕಲಿತ ಪಾಠ ಒಂದುಂಟು. ನಮ್ಮ ಕಡೆ ಹೊಸಬರು ಸಿಕ್ಕಿದ್ರೆ ಮನೆ ಎಲ್ಲಿ ಅಂತ ಕೇಳ್ತೇವೆ, ಮರ್ಯಾದೆಗೆ. ಪಾನೂರು ಕಡೆ ಚಾ ಅಂಗಡಿಯಲ್ಲಿ ಯಾರಾದ್ರೂ 'ವೀಡು ಎವಿಡೆಯಾ' ಅಂತ ಕೇಳಿದ್ರೆ ಅದು ಮರ್ಯಾದೆಗೂ ಹೌದು, ಇನ್ನೊಂದಕ್ಕೂ ಹೌದು. ಊರು ಹೇಳಿದ್ರೆ ಪಾರ್ಟಿ ಹೇಳಿದ ಹಾಗೆ. ಪಾರ್ಟಿ ಗ್ರಾಮ ಅಂತಲೇ ಹೇಳ್ತಾರೆ. ಈ ತಿರುವಿನ ತನಕ ಕರೆಂಟು ಕಂಬಕ್ಕೆಲ್ಲ ಕೆಂಪು ಬಣ್ಣ, ತಿರುವು ದಾಟಿದ್ರೆ ಕೇಸರಿ. ಗೋಡೆಯಲ್ಲಿ 'ಬುಕ್ಡ್' ಅಂತ ಬರೆದು ಕೆಳಗೆ ಪಾರ್ಟಿ ಹೆಸರು, ಮುಂದಿನ ಎಲೆಕ್ಷನ್ ತನಕ ಆ ಗೋಡೆ ಅವರದ್ದು. ಬಸ್ ಸ್ಟ್ಯಾಂಡಿನ ಹತ್ರ ಸ್ತೂಪ, ಸ್ತೂಪದ ಮೇಲೆ ಇಪ್ಪತ್ತೈದು ಮೂವತ್ತು ವರ್ಷದ ಹುಡುಗನ ಫೋಟೋ. ಒಂದು ಕಡೆ ಅವನು 'ರಕ್ತಸಾಕ್ಷಿ', ಇನ್ನೊಂದು ಕಡೆ ಅವನು 'ಬಲಿದಾನಿ', ಎರಡಕ್ಕೂ ಅರ್ಥ ಹುತಾತ್ಮ. ಫೋಟೋ ಮಾತ್ರ ಒಂದೇ ತರ, ಪಾಸ್‌ಪೋರ್ಟ್ ಸೈಜ್ ಫೋಟೋವನ್ನು ದೊಡ್ಡದು ಮಾಡಿದ್ದು, ಕಣ್ಣು ಸ್ವಲ್ಪ ಮಸುಕು.

ನನ್ನ ಬೈಕು ಕೆಎಲ್ 14, ಕಾಸರಗೋಡು ರಿಜಿಸ್ಟ್ರೇಷನ್. ಅದೇ ನನ್ನ ಪುಣ್ಯ. ಹೊರಗಿನವ, ಕನ್ನಡದವ, ಮಾತ್ರೆ ಮಾರುವವ, ಇವನ ತಂಟೆ ಯಾಕೆ ಅಂತ ಬಿಟ್ಟುಬಿಡ್ತಿದ್ರು.

ರೂಮಲ್ಲಿ ನನ್ನ ಜೊತೆ ಇದ್ದವ ಕೂತ್ತುಪರಂಬದವ. ಸಿಪಿಎಂನ ವಿದ್ಯಾರ್ಥಿ ಸಂಘಟನೆ ಎಸ್‌ಎಫ್‌ಐಯಲ್ಲಿದ್ದವ, ಆಮೇಲೆ ಕೆಲಸ ಸಿಕ್ಕಿ ಸುಮ್ಮನಾದವ. ಒಳ್ಳೆ ಜನ, ಮೀನು ಸಾರು ಮಾಡಿದ್ರೆ ನನಗೆ ಅಂತ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸ್ತಿದ್ದ. 2017 ಜನವರಿ 25ಕ್ಕೆ ನಾನು ವಾಟ್ಸಾಪ್ ಸ್ಟೇಟಸ್ ಹಾಕಿದ್ದೆ, ಸದಾನಂದನ್ ಮಾಸ್ಟರ್ ಫೋಟೋ. 1994ರ ಜನವರಿ 25ರ ರಾತ್ರಿ ಮಟ್ಟನ್ನೂರು ಹತ್ರ ಉರುವಚ್ಚಾಲಲ್ಲಿ ಅವರ ಎರಡೂ ಕಾಲು ಕಡಿದ್ರು. ಆರೆಸ್ಸೆಸ್ ಕಾರ್ಯಕರ್ತ, ಶಾಲೆ ಮಾಸ್ಟ್ರು. ಕೃತಕ ಕಾಲು ಹಾಕಿಕೊಂಡು ಮತ್ತೆ ಪಾಠ ಮಾಡಿದವರು. ಸಣ್ಣದಿರುವಾಗಿಂದ ಕೇಳಿದ ಕತೆ ನಮಗೆ ಅದು. ಸಂಜೆ ರೂಮಿಗೆ ಬಂದ ಇವನು ಶೂ ಬಿಚ್ಚುತ್ತಾ ಕೇಳಿದ, ನಾಳೆದ್ದು ಹಾಕ್ತೀಯಾ?

ನಾಳೆದ್ದು ಎಂತದು?

ಅವನಿಗೆ ನಿಜಕ್ಕೂ ಆಶ್ಚರ್ಯ ಆಯ್ತು, ನನಗೆ ಗೊತ್ತಿಲ್ಲ ಅಂತ. 1994 ಜನವರಿ 26. ಕೆ.ವಿ. ಸುಧೀಶ್, ಎಸ್‌ಎಫ್‌ಐ ರಾಜ್ಯ ನಾಯಕ. ಮನೆಗೆ ನುಗ್ಗಿ ಅಪ್ಪ ಅಮ್ಮನ ಎದುರೇ ಕಡಿದು ಹಾಕಿದ್ರು. ಮಾಸ್ಟ್ರ ಕಾಲು ಹೋಗಿ ಇಪ್ಪತ್ನಾಲ್ಕು ಗಂಟೆ ಆಗಿರ್ಲಿಲ್ಲ. ಅದಕ್ಕೆ ಇದು ಪ್ರತೀಕಾರ ಅಂತ ಊರಿಗೆ ಊರೇ ಹೇಳ್ತದೆ.

ನಾನು ಬಾಯಿಬಿಟ್ಟು ಕೂತೆ. ಒಂದೇ ಜಾಗದ ಒಂದೇ ವಾರದ ಕತೆ, ನಿಜ ಹೇಳ್ಬೇಕಂದ್ರೆ ಒಂದೇ ಕತೆ, ಅದರ ಅರ್ಧ ನನಗೆ ಬಾಯಿಪಾಠ, ಉಳಿದರ್ಧ ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿಲ್ಲ, ನಾನೂ ಕೇಳಿಲ್ಲ. ಹಾಗಾದ್ರೆ ನಿನಗೆ ಮಾಸ್ಟ್ರ ಕತೆ ಗೊತ್ತುಂಟಾ ಅಂತ ಕೇಳಿದೆ. ಕೇಳಿದ್ದೇನೆ, ಆದ್ರೆ ಅದು ಬೇರೆ ಎಂತದೋ ಕೇಸಲ್ವಾ, ಅದಕ್ಕೆ ಮೊದ್ಲು ಅವರು ನಮ್ಮವರಿಗೆ ಹೊಡೆದಿದ್ರಂತೆ ಅಂದ. ನಾನು ಏನಂದೆ ಗೊತ್ತುಂಟಾ? ಸುಧೀಶ್‌ದು ಬೇರೆ ಕೇಸು, ಅದು ರಿಯಾಕ್ಷನ್ ಅಂದೆ. ಅಂದ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೀತು. ನಗು ಬರುವಂತದ್ದಲ್ಲ, ಆದ್ರೂ ಇಬ್ರೂ ನಕ್ಕೆವು, ಒಂತರಾ ನಾಚಿಕೆಯಲ್ಲಿ ನಗುದುಂಟಲ್ಲ, ಹಾಗೆ.

ಆವತ್ತಿಂದ ನನಗೆ ಈ 'ಯಾರು ಮೊದಲು' ಅನ್ನುವ ಪ್ರಶ್ನೆಯ ಮೇಲೆಯೇ ಡೌಟು. ಯಾವ ತಾರೀಕಿಂದ ಲೆಕ್ಕ ಶುರು ಮಾಡ್ತಿ ಅನ್ನುದರಲ್ಲೇ ತೀರ್ಪು ಮುಗಿದಿರ್ತದೆ. 26ರಿಂದ ಶುರು ಮಾಡಿದ್ರೆ ಸಂಘ ತಪ್ಪಿತಸ್ಥ, 25ರಿಂದ ಶುರು ಮಾಡಿದ್ರೆ ಪಾರ್ಟಿ (ಅಲ್ಲಿ ಬರೀ ಪಾರ್ಟಿ ಅಂದ್ರೆ ಸಿಪಿಎಂ), 24ಕ್ಕೆ ಹೋದ್ರೆ ಮತ್ತೆ ಉಲ್ಟಾ. ಹಿಂದೆ ಹಿಂದೆ ಹೋಗ್ತಾ ಹೋಗ್ತಾ 1969ಕ್ಕೆ ಮುಟ್ಟುತ್ತೀರಿ, ಎಪ್ರಿಲಲ್ಲಿ ತಲಶ್ಶೇರಿಯಲ್ಲಿ ಸಂಘದ ವಾಡಿಕ್ಕಲ್ ರಾಮಕೃಷ್ಣನ್ ಕೊಲೆ, ಇದೇ ಮೊದಲನೇದು ಅಂತ ಸಂಘದವರು. ಅಲ್ಲಲ್ಲ ಅದಕ್ಕೂ ಮೊದ್ಲು ಬೀಡಿ ಗಲಾಟೆ ಇತ್ತು ಅಂತ ಪಾರ್ಟಿಯವರು.

ಬೀಡಿ ವಿಷಯ ಬಂತಲ್ಲ, ಅದು ಸೀದಾ ನಮ್ಮ ಮಂಗಳೂರಿಗೇ ಬಂದು ನಿಲ್ತದೆ. ನಮ್ಮ ಪಕ್ಕದ ಮನೆ ಅಕ್ಕ ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆ ಕತ್ತರಿಸಿ ಬೀಡಿ ಕಟ್ಟಿ ಸಂಜೆ ಬ್ರಾಂಚಿಗೆ ಕೊಡ್ಲಿಕ್ಕೆ ಓಡ್ತಿದ್ದದ್ದು ನೋಡಿಯೇ ದೊಡ್ಡವನಾದದ್ದು ನಾನು. ಆದ್ರೆ ಆ ಬೀಡಿಗೂ ಕಣ್ಣೂರಿನ ಕತ್ತಿಗೂ ನಂಟುಂಟು ಅಂತ ತಲಶ್ಶೇರಿಗೆ ಹೋದ ಮೇಲೆಯೇ ಗೊತ್ತಾದ್ದು. ಬೀಡಿ ಕಾರ್ಮಿಕರ ಪರವಾಗಿ 1966ರಲ್ಲಿ ಕೇಂದ್ರದ ಕಾನೂನು ಬಂತು, ಕೇರಳದಲ್ಲಿ ಕಮ್ಯುನಿಸ್ಟ್ ಮುಖ್ಯಮಂತ್ರಿ ಇಎಂಎಸ್ ಸರ್ಕಾರ ಅದನ್ನು ಜಾರಿ ಮಾಡಿದ ಕೂಡಲೇ ಮಂಗಳೂರಿನ ಗಣೇಶ್ ಬೀಡಿಯಂತ ದೊಡ್ಡ ಕಂಪನಿಗಳು ಕಣ್ಣೂರಿನ ಬ್ರಾಂಚ್ ಮುಚ್ಚಿ ಬಂದ್ವು. 12 ಸಾವಿರದಷ್ಟು ಜನರ ಕೆಲಸ ಹೋಯ್ತು. ಅವರಿಗೋಸ್ಕರ 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ಮಾಲಕರು ಯೂನಿಯನ್ ಮುರೀಲಿಕ್ಕೆ ಸಂಘದ ಹುಡುಗರನ್ನು ಬಿಟ್ರು ಅಂತ ಕಮ್ಯುನಿಸ್ಟರ ಆರೋಪ. ಸಂಘದವರು ಹೇಳುದು ಬೇರೆ, ಪಾರ್ಟಿಯ ಹುಡುಗರು ಶಾಖೆಗೆ ಬರ್ಲಿಕ್ಕೆ ಶುರು ಮಾಡಿದ್ರು, ಅದು ಪಾರ್ಟಿಗೆ ಸಹಿಸ್ಲಿಕ್ಕೆ ಆಗ್ಲಿಲ್ಲ ಅಂತ. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದ್ದೀತು ಅಂತ ನನಗೆ ಕಾಣುದು. ಆದ್ರೆ ಅರುವತ್ತರ ದಶಕದಲ್ಲಿ ಬೀಡಿ ಬ್ರಾಂಚ್ ಮುಚ್ಚಿದ್ದು 2005ರಲ್ಲಿ ಒಬ್ಬ ಇಪ್ಪತ್ತೈದರ ಹುಡುಗನ ಕುತ್ತಿಗೆಗೆ ಕತ್ತಿ ಬೀಸಿದವನಿಗೆ ಹೇಗೆ ವಿನಾಯ್ತಿ ಆಗ್ತದೆ ಅಂತ ನನಗೆ ಅರ್ಥ ಆಗುದಿಲ್ಲ. ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ಒಂದೇ ಜಾತಿಯವರು, ತೀಯರು. ಒಂದೇ ಕಾವಿನ (ದೇವರ ಬನದ) ಉತ್ಸವಕ್ಕೆ ಹೋಗುವವರು, ಮದುವೆಗೆ ಒಂದೇ ಸಾಲಲ್ಲಿ ಊಟಕ್ಕೆ ಕೂರುವವರು. ಪಾರ್ಟಿ ಬಿಟ್ಟು ಶಾಖೆಗೆ ಹೋದವರುಂಟು, ಆ ಕಡೆಯಿಂದ ಈ ಕಡೆ ಬಂದವರೂ ಉಂಟು. ಬಿಜೆಪಿಯ ಜಿಲ್ಲಾ ಮಟ್ಟದ ದೊಡ್ಡ ನಾಯಕ ಒ.ಕೆ. ವಾಸು 2014ರಲ್ಲಿ ಸಿಪಿಎಂ ಸೇರಿ ಮುಂದೆ ಮಲಬಾರ್ ದೇವಸ್ವಂ ಬೋರ್ಡಿನ ಅಧ್ಯಕ್ಷರೂ ಆದ್ರು. ನಾಯಕರಿಗೆ ಬಾಗಿಲು ಯಾವಾಗ್ಲೂ ತೆರೆದಿರ್ತದೆ. ಸ್ತೂಪದಲ್ಲಿರುವ ಹುಡುಗ ಮಾತ್ರ ಪಾರ್ಟಿ ಬದಲಾಯಿಸುವ ಹಾಗಿಲ್ಲ.

ಇನ್ನು ಲೆಕ್ಕ. 2000ದಿಂದ 2016ರ ತನಕ ಕಣ್ಣೂರು ಜಿಲ್ಲೆಯಲ್ಲಿ 69 ರಾಜಕೀಯ ಕೊಲೆ ಆಗಿದೆ ಅಂತ ಪೊಲೀಸ್ ಲೆಕ್ಕ ಪೇಪರಲ್ಲಿ ಬಂದಿತ್ತು, ಅದರಲ್ಲಿ ಸಂಘ-ಬಿಜೆಪಿಯವರು 31, ಸಿಪಿಎಂನವರು 30. ಇದನ್ನು ನೋಡಿದ ಮೇಲೆ ನಾನು ಸುಮಾರು ಸಮಯ 'ಎರಡೂ ಕಡೆ ತಪ್ಪುಂಟು' ಪಾರ್ಟಿಗೆ ಸೇರಿಬಿಟ್ಟೆ. ತುಂಬಾ ಆರಾಮದ ಪಾರ್ಟಿ ಅದು ಮಾರಾಯ್ರೆ. ಯಾರೂ ಬೈಯುದಿಲ್ಲ, ಬುದ್ಧಿವಂತನ ಹಾಗೆ ಕಾಣ್ತೇವೆ, ತಲೆ ಖರ್ಚು ಇಲ್ಲ. 31 ಮೈನಸ್ 30, ಉತ್ತರ ಒಂದು, ಹೋಗಿ ಮಲಗುದು.

ಅದೂ ತಪ್ಪೇ ಅಂತ ಅರ್ಥ ಆದದ್ದು ಎರಡು ಕೇಸಿನಿಂದ. ಎರಡೂ 2005ರದ್ದು. ಆಗಸ್ಟಲ್ಲಿ ಮುಳಪ್ಪಿಲಂಗಾಡಿನಲ್ಲಿ ಸಿಪಿಎಂ ಬಿಟ್ಟು ಬಿಜೆಪಿ ಸೇರಿದ ಒಬ್ಬನ ಕೊಲೆ. ಅಕ್ಟೋಬರಲ್ಲಿ ಕಣ್ಣಪುರಂನಲ್ಲಿ ಸಿಪಿಎಂ ಹುಡುಗನೊಬ್ಬನ ಕೊಲೆ. ಎರಡರ ತೀರ್ಪೂ ತಲಶ್ಶೇರಿ ಕೋರ್ಟಿಂದ 2025ರಲ್ಲಿ ಬಂತು, ಜನವರಿಯಲ್ಲಿ ಒಂದು, ಮಾರ್ಚಲ್ಲಿ ಇನ್ನೊಂದು. ಕಣ್ಣಪುರಂ ಕೇಸಲ್ಲಿ 9 ಮಂದಿ ಆರೆಸ್ಸೆಸ್-ಬಿಜೆಪಿಯವರಿಗೆ ಜೀವಾವಧಿ. ಮುಳಪ್ಪಿಲಂಗಾಡ್ ಕೇಸಲ್ಲಿ 8 ಮಂದಿ ಸಿಪಿಎಂನವರಿಗೆ ಜೀವಾವಧಿ. ಮೇಲಿನ ಕೋರ್ಟು ಎಂತ ಹೇಳ್ತದೋ ಅದು ಬೇರೆ. ಆದ್ರೆ ಕೋರ್ಟು ಎಲ್ಲಿಯೂ ಒಂಬತ್ತರಲ್ಲಿ ಎಂಟು ಕಳೆದು ಬಾಕಿ ಹೇಳ್ಲಿಲ್ಲ. ಆವತ್ತು ಆ ರಸ್ತೆಯಲ್ಲಿ ಯಾರಿದ್ರು, ಯಾರ ಕೈಯಲ್ಲಿ ಏನಿತ್ತು, ಹೋಗಿ ಕಡೀರಿ ಅಂತ ಹೇಳಿದ್ದು ಯಾರು, ಆಮೇಲೆ ಅಡಗಿಸಿ ಇಟ್ಟದ್ದು ಯಾರು, ಇಷ್ಟೇ ಕೇಳಿದ್ದು. ಇಪ್ಪತ್ತು ವರ್ಷ ಬೇಕಾಯ್ತು ಅದನ್ನು ಕೇಳಿ ಮುಗಿಸ್ಲಿಕ್ಕೆ, ಅದು ಇನ್ನೊಂದು ಸಂಕಟ. ಆದ್ರೂ ದೂರು ಹೊರಿಸುದಂದ್ರೆ ಹೀಗೇ ಅಲ್ವಾ, ಒಂದೊಂದು ಹೆಣಕ್ಕೆ ಒಂದೊಂದು ಲೆಕ್ಕ. ಒಟ್ಟು ಮಾಡಿ ಭಾಗಿಸಿದ್ರೆ ಕಡಿದವ ಬಚಾವ್, ಯಾಕಂದ್ರೆ ಅವನ ತಪ್ಪು ಸಾವಿರ ಜನರಿಗೆ ಹಂಚಿ ಹೋಯ್ತು.

ಹೀಗೆ ಒಂದೊಂದೇ ನೋಡ್ಲಿಕ್ಕೆ ಕೂತ್ರೆ ದೂರು ಹೊರಿಸುದು ಎಷ್ಟು ಕಷ್ಟ ಅಂತಲೂ ಗೊತ್ತಾಗ್ತದೆ, ಯಾಕಂದ್ರೆ ತಪ್ಪು ಇನ್ನೊಬ್ಬನ ತಲೆಗೆ ಕಟ್ಟುದೂ ಅಲ್ಲಿ ಒಂದು ವಿದ್ಯೆ. ಟಿ.ಪಿ. ಚಂದ್ರಶೇಖರನ್ ಕೊಲೆ ನೆನಪುಂಟಾ, 2012 ಮೇ 4, ಒಂಜಿಯಂ. ಸಿಪಿಎಂ ಬಿಟ್ಟು ಆರ್‌ಎಂಪಿ ಅಂತ ಬೇರೆ ಪಾರ್ಟಿ ಕಟ್ಟಿದವರು. ಬೈಕಲ್ಲಿ ಹೋಗುವಾಗ ಇನ್ನೋವಾದಲ್ಲಿ ಬಂದು ಡಿಕ್ಕಿ ಹೊಡೆದು ಕಡಿದ್ರು, ಮೈಯಲ್ಲಿ 51 ಗಾಯ. ಆ ಇನ್ನೋವಾದ ಮೇಲೆ ಒಂದು ಸ್ಟಿಕ್ಕರ್ ಇತ್ತು, 'ಮಾಶಾ ಅಲ್ಲಾ' ಅಂತ. ನೋಡಿದವರು ಎಂತ ಎಣಿಸ್ಬೇಕು ಹೇಳಿ. ಒಂದು ಹತ್ತಿಪ್ಪತ್ತು ರುಪಾಯಿಯ ಸ್ಟಿಕ್ಕರ್, ಅದರಲ್ಲಿ ಒಂದು ಇಡೀ ಸಮುದಾಯದ ಮೇಲೆ ಕೊಲೆ ಹೊರಿಸುವ ಪ್ಲಾನ್. ಕೊನೆಗೆ ಶಿಕ್ಷೆ ಆದದ್ದು ಕ್ವಟೇಷನ್ ಗ್ಯಾಂಗಿನವರಿಗೆ ಮತ್ತೆ ಸಿಪಿಎಂನ ಸ್ಥಳೀಯ ನಾಯಕರಿಗೆ. ಕ್ವಟೇಷನ್ ಅಂದ್ರೆ ಮಲಯಾಳದಲ್ಲಿ ಸುಪಾರಿ. ನಮ್ಮಲ್ಲಿ ಆಫೀಸಲ್ಲಿ ಫ್ಯಾನ್ ತರ್ಲಿಕ್ಕೆ ಮೂರು ಕ್ವಟೇಷನ್ ತಗೊಳ್ಳಿ ಅಂತಾರೆ, ಕೇಳಿದ ಕೂಡಲೇ ನನಗೆ ಈಗಲೂ ಒಂತರಾ ಆಗ್ತದೆ.

2006ರ ತಲಶ್ಶೇರಿ ಕೇಸೂ ಹಾಗೇ, ಈದ್ ಹತ್ರ ಬಂದಿದ್ದಾಗ ಎನ್‌ಡಿಎಫ್ ಅಂತ ಒಂದು ಮುಸ್ಲಿಂ ಸಂಘಟನೆಯ ಒಬ್ಬ ಹುಡುಗನ ಕೊಲೆ. ಸಂಘದವರದ್ದೇ ಕೆಲಸ ಅಂತ ಸಿಪಿಎಂ ಹೇಳಿತು, ಸಿಬಿಐ ಬಂದು ಚಾರ್ಜ್‌ಶೀಟ್ ಹಾಕಿದ್ದು ಸಿಪಿಎಂನವರ ಮೇಲೆ. ಸತ್ತವ ಮೊದಲು ಸಿಪಿಎಂನಲ್ಲೇ ಇದ್ದವ. ಚಾರ್ಜ್‌ಶೀಟ್ ಅಂದ್ರೆ ತೀರ್ಪಲ್ಲ, ಅದೂ ನೆನಪಿರ್ಲಿ. ನನಗೆ ನಾನೇ ಹೇಳಿಕೊಳ್ತಿದ್ದೇನೆ ಇದನ್ನು, ಯಾಕಂದ್ರೆ ಸಿಪಿಎಂ ವಿರುದ್ಧ ಚಾರ್ಜ್‌ಶೀಟ್ ಬಂದ್ರೆ ನನಗೆ ಅದು ತೀರ್ಪು, ಸಂಘದವರ ವಿರುದ್ಧ ಬಂದ್ರೆ 'ಕೋರ್ಟಲ್ಲಿ ಪ್ರೂವ್ ಆಗ್ಲಿ ನೋಡುವಾ'.

ಜಯಕೃಷ್ಣನ್ ಮಾಸ್ಟರ್ ಕೇಸು ಇದಕ್ಕೆ ಇನ್ನೂ ಒಳ್ಳೆ ಉದಾಹರಣೆ. 1999 ಡಿಸೆಂಬರ್ 1, ಪಾನೂರು ಹತ್ರ ಮೊಕೇರಿಯ ಶಾಲೆ, ಆರನೇ ಕ್ಲಾಸು, ಪಾಠ ಮಾಡ್ತಿದ್ದ ಬಿಜೆಪಿ ಯುವಮೋರ್ಚಾ ನಾಯಕನನ್ನು ಮಕ್ಕಳ ಎದುರೇ ಕಡಿದ್ರು. ನಾನು ಆ ಶಾಲೆಯ ದಾರಿಯಲ್ಲಿ ಎಷ್ಟೋ ಸಲ ಬೈಕಲ್ಲಿ ಹೋಗಿದ್ದೇನೆ, ಪ್ರತೀ ಸಲ ಆ ಮಕ್ಕಳು ಈಗ ಎಷ್ಟು ದೊಡ್ಡವರಾಗಿರ್ಬಹುದು ಅಂತಲೇ ಲೆಕ್ಕ ಹಾಕಿದ್ದು. ಕೆಳಗಿನ ಕೋರ್ಟು ಐದು ಜನರಿಗೆ ಗಲ್ಲು ಹೇಳಿತು, 2006ರಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ನಾಲ್ವರನ್ನು ಬಿಟ್ಟಿತು, ಒಬ್ಬನ ಗಲ್ಲನ್ನು ಜೀವಾವಧಿ ಮಾಡಿತು. ಕಡಿದ ವಿಷಯದಲ್ಲಿ ಎಳ್ಳಷ್ಟೂ ಡೌಟಿಲ್ಲ, ಆದ್ರೆ ಕಡಿದದ್ದು ಇವರೇನಾ ಅನ್ನುದರಲ್ಲಿ ಕೋರ್ಟಿಗೆ ಡೌಟು. ತಲಶ್ಶೇರಿಯಲ್ಲಿ ಯಾರ ಹತ್ರ ಕೇಳಿದ್ರೂ 'ಡಮ್ಮಿ ಪ್ರತಿ' ಅಂತ ಒಂದು ಮಾತು ಹೇಳ್ತಾರೆ, ಪ್ರತಿ ಅಂದ್ರೆ ಮಲಯಾಳದಲ್ಲಿ ಆರೋಪಿ. ಪಾರ್ಟಿ ಆಫೀಸಿಂದ ಲಿಸ್ಟ್ ಹೋಗ್ತದೆ, ಆ ಲಿಸ್ಟಿನವರು ಸ್ಟೇಷನ್ನಿಗೆ ಹೋಗಿ ಕೂರ್ತಾರೆ, ಕಡಿದವ ಎಲ್ಲೋ ಆರಾಮಾಗಿ ಇರ್ತಾನೆ ಅಂತ. ಎಷ್ಟರ ಮಟ್ಟಿಗೆ ನಿಜ ಅಂತ ಅಳತೆ ಮಾಡ್ಲಿಕ್ಕೆ ಆಗುದಿಲ್ಲ, ಆದ್ರೆ ಎರಡೂ ಕಡೆಯವರು ಇನ್ನೊಂದು ಕಡೆಯ ಬಗ್ಗೆ ಇದೇ ಹೇಳುದು.

ನನ್ನ ಪ್ರಕಾರ ಕಡಿದವನಷ್ಟೇ ದೂರು ಹೊರಬೇಕಾದವರು ಹಾರ ಹಾಕುವವರು. ಇದರಲ್ಲಿ ನನಗೆ ಸಂಶಯವೇ ಇಲ್ಲ. ಸದಾನಂದನ್ ಮಾಸ್ಟರ್ ಕೇಸಿನ 8 ಜನ ಸಿಪಿಎಂನವರು ಸುಪ್ರೀಂ ಕೋರ್ಟ್ ತನಕ ಹೋಗಿ ಸೋತು 2025ರ ಆಗಸ್ಟಲ್ಲಿ ಜೈಲಿಗೆ ಹೊರಟಾಗ ಅವರಿಗೆ ಬೀಳ್ಕೊಡುಗೆ ಆಯ್ತು, ಹಾರ, ಘೋಷಣೆ ಎಲ್ಲ. ಮಾಜಿ ಆರೋಗ್ಯ ಮಂತ್ರಿ, ಆಗಿನ ಮಟ್ಟನ್ನೂರು ಎಂಎಲ್‌ಎ ಕೆ.ಕೆ. ಶೈಲಜಾ ಸಹ ಇದ್ರು. ನಿಪಾ, ಕೋವಿಡ್ ಟೈಮಲ್ಲಿ ನಾವು ಔಷಧದ ಲೈನಿನವರು ಅವರನ್ನು ಎಷ್ಟು ಹೊಗಳಿದ್ದೆವು ಅಂತ ನನಗೇ ಗೊತ್ತು, ಆ ಫೋಟೋ ನೋಡಿ ಹೊಟ್ಟೆ ಒಳಗೆ ಎಂತದೋ ಆಯ್ತು. ಹಾಗೆಯೇ ಪಾನೂರು ಹತ್ರ 2015ರಲ್ಲಿ ಬಾಂಬ್ ಮಾಡುವಾಗ ಸ್ಫೋಟ ಆಗಿ ಇಬ್ಬರು ಸತ್ತಿದ್ರು, ಆಗ ಸಿಪಿಎಂ ನಮಗೂ ಅವರಿಗೂ ಸಂಬಂಧ ಇಲ್ಲ ಅಂದಿತ್ತು, 2024ರಲ್ಲಿ ಅವರಿಗೇ ರಕ್ತಸಾಕ್ಷಿ ಮಂದಿರ ಉದ್ಘಾಟನೆ ಆಯ್ತು.

ಇದನ್ನು ಓದಿ ದೊಡ್ಡಮಾವನಂತವರು ಖುಷಿ ಪಡುವ ಮೊದಲು ಇನ್ನೊಂದು. 2000 ಇಸವಿ ಸೆಪ್ಟೆಂಬರ್ 27, ಪಂಚಾಯತ್ ಎಲೆಕ್ಷನ್ ದಿನ, ಚೆರುವಾಂಚೇರಿಯಲ್ಲಿ ಬಿಜೆಪಿಯವರು ಎಸೆದ ಬಾಂಬು ಅಂಗಳದಲ್ಲಿ ಆಡ್ತಿದ್ದ ಸಣ್ಣ ಹುಡುಗಿಯ ಕಾಲಿಗೆ ಬಿತ್ತು. ಕಾಲು ತೆಗೀಬೇಕಾಯ್ತು. ಜಗಳ ಇದ್ದದ್ದು ಕಾಂಗ್ರೆಸ್ಸಿನವರ ಜೊತೆ, ಪೋಲಿಂಗ್ ಬೂತಿನ ಹತ್ರ. ಆ ಹುಡುಗಿ ಓದಿ ಡಾಕ್ಟರ್ ಆಗಿ 2020ರಲ್ಲಿ ಅದೇ ಊರಿನ ಸರ್ಕಾರಿ ಆಸ್ಪತ್ರೆಗೆ ಬಂದಳು. ಸದಾನಂದನ್ ಮಾಸ್ಟ್ರ ಕಾಲು ನನಗೆ ಬಾಲ್ಯದಿಂದ ಗೊತ್ತು, ಈ ಹುಡುಗಿಯ ಕಾಲಿನ ವಿಷಯ ನಮ್ಮ ಮನೆಯಲ್ಲಿ ಯಾರೂ ತೆಗೆದದ್ದಿಲ್ಲ. ಮಾಸ್ಟ್ರು 2025ರ ಜುಲೈಯಲ್ಲಿ ರಾಜ್ಯಸಭೆಗೆ ನಾಮನಿರ್ದೇಶನ ಆದಾಗ ನಮ್ಮ ಗ್ರೂಪಲ್ಲಿ ಪಾಯಸದ ಫೋಟೋ ಬಂದಿತ್ತು. ಅದು ಸರಿಯೇ, ಅವರು ಅನುಭವಿಸಿದ್ದು ಸಣ್ಣದಲ್ಲ.

ದುಃಖಕ್ಕೂ ಅಲ್ಲಿ ಕ್ಯೂ ಉಂಟು. 2017ರಲ್ಲಿ ತಿರುವನಂತಪುರದಲ್ಲಿ ಸಂಘದ ಕಾರ್ಯಕರ್ತನ ಕೊಲೆ ಆದಾಗ ಆಗಿನ ಕೇಂದ್ರ ಮಂತ್ರಿ, ಬಿಜೆಪಿಯ ಅರುಣ್ ಜೇಟ್ಲಿ ಅವನ ಮನೆಗೆ ಬಂದ್ರು. ಅದೇ ದಿನ ರಾಜಭವನದ ಎದುರು ಸಿಪಿಎಂ ಕಡೆ ಸತ್ತವರ ಮನೆಯವರು ಕೂತ್ರು, ನಮ್ಮ ಮನೆಗೂ ಬನ್ನಿ ಅಂತ. ಟಿವಿಯಲ್ಲಿ ನೋಡಿದ ನನ್ನ ರೂಮಿನವ ಚಾನೆಲ್ ಬದಲಾಯಿಸಿ ಕ್ರಿಕೆಟ್ ಹಾಕಿದ. ಆಮೇಲೆ ಅಂದ, ಆ ಅಮ್ಮಂದಿರನ್ನು ಬಸ್ಸಲ್ಲಿ ಕರ್ಕೊಂಡು ಬಂದವ ಯಾರು, ಅವನಿಗೆ ನಾಲ್ಕು ಕೊಡ್ಬೇಕು ಅಂತ. ಅವನ ಪಾರ್ಟಿಯೇ ಅದು.

ನಮ್ಮ ಜಿಲ್ಲೆಗೇ ಬಂದ್ರೆ ಪೆರಿಯ. 2019 ಫೆಬ್ರವರಿ 17, ಯೂತ್ ಕಾಂಗ್ರೆಸ್ಸಿನ ಇಬ್ಬರು ಹುಡುಗರ ಕೊಲೆ, ಒಬ್ಬನಿಗೆ ಬರೀ 19. ಸಿಬಿಐ ತನಿಖೆ ಬೇಡ ಅಂತ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ತನಕ ಹೋಯ್ತು, ನಮ್ಮದೇ ತೆರಿಗೆ ದುಡ್ಡಲ್ಲಿ ದೊಡ್ಡ ದೊಡ್ಡ ವಕೀಲರನ್ನು ಇಟ್ಟು. ಕೊನೆಗೆ 2024 ಡಿಸೆಂಬರಲ್ಲಿ ಕೊಚ್ಚಿಯ ಸಿಬಿಐ ಕೋರ್ಟು 14 ಜನ ತಪ್ಪಿತಸ್ಥರು ಅಂತು, ಅದರಲ್ಲಿ ಸಿಪಿಎಂನ ಒಬ್ಬರು ಮಾಜಿ ಎಂಎಲ್‌ಎ ಸಹ ಇದ್ರು, 10 ಜನರನ್ನು ಬಿಟ್ಟುಬಿಟ್ಟಿತು. ಈ ಸುದ್ದಿ 2019ರಲ್ಲಿ ಬಂದಾಗ ನಾನು ಊರಲ್ಲೇ ಇದ್ದೆ. ಇಬ್ಬರು ಹುಡುಗರನ್ನು ಕಡಿದ್ರಂತೆ ಅಂತ ಅಮ್ಮ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, ಯಾವ ಪಾರ್ಟಿಯವರು? ವಯಸ್ಸೆಷ್ಟು ಅಂತ ಅಲ್ಲ, ಎಲ್ಲಿ ಅಂತ ಅಲ್ಲ. ಸತ್ತವರು ಕಾಂಗ್ರೆಸ್, ಮಾಡಿದವರು ಸಿಪಿಎಂ ಅಂತ ಗೊತ್ತಾದ ಮೇಲೆ ಒಳಗೆ ಒಂದು ಸಣ್ಣ ಸಮಾಧಾನ ಆಯ್ತು, ಸದ್ಯ ಈ ಸಲ ನಾವಲ್ಲ. ಅಮ್ಮ ಅಷ್ಟರಲ್ಲಿ ದೇವರ ದೀಪ ಹಚ್ಲಿಕ್ಕೆ ಒಳಗೆ ಹೋಗಿದ್ರು.

2024 ಜೂನಲ್ಲಿ ನನ್ನ ಹಳೇ ರೂಮಿನವ ಫೋನ್ ಮಾಡಿದ. ತಲಶ್ಶೇರಿ ಹತ್ರ ಎರಞ್ಞೋಳಿಯಲ್ಲಿ 85 ವರ್ಷದ ಅಜ್ಜ ಒಬ್ರು ಜನ ಇಲ್ಲದ ಮನೆಯ ಹಿತ್ತಲಲ್ಲಿ ಬಿದ್ದ ತೆಂಗಿನಕಾಯಿ ಹೆಕ್ಲಿಕ್ಕೆ ಹೋಗಿದ್ರು, ಅಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಸ್ಟೀಲ್ ಬಾಂಬ್ ಅಂದ್ರೆ ಅಷ್ಟೇ, ನಮ್ಮ ಅಡಿಗೆ ಮನೆಯಲ್ಲಿ ಇರುವಂತ ಡಬ್ಬಿ, ಒಳಗೆ ಮದ್ದು ತುಂಬಿಸಿದ್ದು. ಒಳ್ಳೆ ಡಬ್ಬಿ ಅಂತ ಅಜ್ಜ ತೆಗೀಲಿಕ್ಕೆ ನೋಡಿದ್ರು, ಒಡೀತು, ಹೋಗಿಬಿಟ್ರು. ನನ್ನ ಅಪ್ಪನೂ ದಿನಾ ಬೆಳಿಗ್ಗೆ ಕಾಯಿ ಹೆಕ್ಲಿಕ್ಕೆ ಹೋಗ್ತಾರೆ ಎಡಾ, ಈಗ ಒಂದು ಉದ್ದ ಕೋಲು ಕೊಟ್ಟಿದ್ದೇನೆ, ಕಾಯಿ ಬಿಟ್ಟು ಬೇರೆ ಎಂತ ಕಂಡ್ರೂ ಮುಟ್ಬೇಡಿ ಅಂತ ಹೇಳಿದ್ದೇನೆ ಅಂದ.

ಆ ಸಂಜೆ ನಾನು ಆ ಸುದ್ದಿಯನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ದೊಡ್ಡಮಾವ ಕೇಳಿದ್ರು, ಯಾರ ಬಾಂಬಂತೆ? ಗೊತ್ತಿಲ್ಲ ಮಾವ, ಪೊಲೀಸರು ನೋಡ್ತಿದ್ದಾರಂತೆ ಅಂತ ಹಾಕಿದೆ. ಬೆಂಗಳೂರಿನವಳೂ ನೋಡಿದ್ದಾಳೆ, ನೀಲಿ ಟಿಕ್ ಬಂದಿತ್ತು. ಯಾರೂ ಏನೂ ಹಾಕ್ಲಿಲ್ಲ. ಅದರ ಕೆಳಗೆ ಅತ್ತೆ ಹಲಸಿನ ಹಪ್ಪಳ ಯಾರಿಗಾದ್ರೂ ಬೇಕಾ ಅಂತ ಕೇಳಿದ್ರು, ಏಳು ಜನ ಬೇಕು ಅಂದ್ರು.

ಎರಡು ಮೂರು ದಿನ ಕಳೆದು ಟಿವಿಯಲ್ಲಿ ವಿರೋಧ ಪಕ್ಷದವರು ಒಂದು ಪಾರ್ಟಿಯ ಹೆಸರು ಹೇಳ್ಲಿಕ್ಕೆ ಶುರು ಮಾಡಿದ್ರು. ಆ ರಾತ್ರಿ ಹನ್ನೊಂದರ ತನಕ ಟಿಂಗ್ ಟಿಂಗ್.